ಫೆಬ್ರವರಿಯಲ್ಲಿ ಬೊನೇರ್: ಗೈಡ್ ಇಲ್ಲದೆ ದಡದಿಂದ ಡೈವ್ ಮಾಡೋಕೆ ಏನೇನು ತಯಾರಿ ಬೇಕು?

ನೀಲಿಜೋಳಿಗೆ

ಎಲ್ಲರಿಗೂ ನಮಸ್ಕಾರ. ನಾವಿಬ್ಬರು, ಇಬ್ಬರಿಗೂ ಓಪನ್ ವಾಟರ್ ಕಾರ್ಡ್ (ಡೈವಿಂಗ್ ಮೊದಲ ಹಂತದ ಸರ್ಟಿಫಿಕೇಟ್) ಇದೆ. ಮುರುಡೇಶ್ವರದಲ್ಲಿ ಕೋರ್ಸ್, ನೇತ್ರಾಣಿಯಲ್ಲಿ ತಲಾ 14 ಡೈವ್. ಫೆಬ್ರವರಿಯಲ್ಲಿ ಎಂಟು ದಿನ ಕೆರಿಬಿಯನ್ ಕಡೆ. ಮೆಕ್ಸಿಕೋದ ಕೊಸುಮೆಲ್, ಡಚ್ಚರ ಬೊನೇರ್, ಎರಡೂ ದ್ವೀಪಗಳನ್ನ ತೂಗಿ ನೋಡಿ ಬೊನೇರ್ ಅಂತ ಹೆಚ್ಚುಕಮ್ಮಿ ತೀರ್ಮಾನ ಆಗಿದೆ. ಮಾಸ್ಕ್ ಬಿಟ್ಟರೆ ಸ್ವಂತ ಗೇರ್ ಇಲ್ಲ.

ಗೇರ್ ಕೊಳ್ಳೋದಾ, ಬಾಡಿಗೆಗೆ ತಗೊಳ್ಳೋದಾ? ಬೆಚ್ಚಗಿನ ನೀರಲ್ವಾ, ವೆಟ್‌ಸೂಟ್ ಬೇಕೇ ಬೇಕಾ? ಹೋಗೋಕೆ ಮುಂಚೆ ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿರೋ ಗಾಳಿ) ಕೋರ್ಸ್ ಮುಗಿಸಬೇಕಾ? ಇದರ ಜೊತೆ, ನಾವು ಕೇಳೋಕೆ ಮರೆತಿರೋದು ಏನಿದ್ದರೂ ಹೇಳಿ.

ಹ್ಯೂಸ್ಟನ್_ಹವ್ಯಕ

ಗೇರ್ ಮಾತು ಆಮೇಲೆ. ಮೊದಲು ಒಂದು ವಿಷಯ ತಲೆಯಲ್ಲಿರಲಿ. ನೇತ್ರಾಣಿಯಲ್ಲಿ ದೋಣಿ ಕರ್ಕೊಂಡು ಹೋಗುತ್ತೆ, ಮುಂದೆ ಇನ್‌ಸ್ಟ್ರಕ್ಟರ್ ಇರ್ತಾರೆ, ಸಿಲಿಂಡರ್ ಗಾಳಿ ಎಷ್ಟಿದೆ ಅಂತ ಅವರೇ ಕೇಳ್ತಾರೆ, ಮೇಲೆ ಬಂದ ಜಾಗಕ್ಕೆ ದೋಣಿ ಬರುತ್ತೆ. ಬೊನೇರ್‌ನಲ್ಲಿ ದಡದಿಂದ ಇಳಿಯುವಾಗ ಇದ್ಯಾವುದೂ ಇಲ್ಲ. ಪಿಕಪ್ ಟ್ರಕ್ ಬಾಡಿಗೆಗೆ ತಗೊಂಡು, ಹಿಂದೆ ಸಿಲಿಂಡರ್ ಹಾಕ್ಕೊಂಡು, ರಸ್ತೆ ಪಕ್ಕ ಹಳದಿ ಬಣ್ಣ ಬಳಿದ ಕಲ್ಲಿನ ಮೇಲೆ ಜಾಗದ ಹೆಸರು ಓದಿ, ಅಲ್ಲೇ ನಿಲ್ಲಿಸಿ, ನಡೆದುಕೊಂಡು ನೀರಿಗಿಳಿಯಬೇಕು. ಎಲ್ಲಿ ಇಳಿಯೋದು, ಎಷ್ಟು ಹೊತ್ತಿಗೆ ತಿರುಗೋದು, ವಾಪಸ್ ಅದೇ ಜಾಗ ಹೇಗೆ ಹುಡುಕೋದು, ಎಲ್ಲ ನಿಮ್ಮಿಬ್ಬರ ತಲೆ ಮೇಲೆ. 14 ಡೈವ್ ಆದವರಿಗೆ ಇದು ಆಗದ ಕೆಲಸ ಅಲ್ಲ. ಆದರೆ ತಯಾರಿ ಅಂದರೆ ಅಂಗಡಿ ಸುತ್ತೋದಲ್ಲ. ಇಷ್ಟು ದಿನ ಇನ್‌ಸ್ಟ್ರಕ್ಟರ್ ಮಾಡ್ತಿದ್ದ ಕೆಲಸವನ್ನ ನೀವು ಕಲಿಯೋದು.

ಕೊಸುಮೆಲ್‌ನಲ್ಲಿ ಉಲ್ಟಾ. ಅಲ್ಲಿ ಸೆಳೆತ ಜೋರು, ಹೆಚ್ಚಾಗಿ ದೋಣಿಯಿಂದ, ಗೈಡ್ ಜೊತೆಗೇ ತೇಲ್ತಾ ಹೋಗೋದು. ಚಳಿಗಾಲದಲ್ಲಿ ಉತ್ತರದ ಗಾಳಿ ಬೀಸಿದರೆ ಬಂದರು ಮುಚ್ಚಿ ದೋಣಿಗಳು ದಡದಲ್ಲೇ ನಿಲ್ಲೋ ದಿನಗಳೂ ಇರುತ್ತವೆ. ಫೆಬ್ರವರಿಗೆ ಬೊನೇರ್ ಒಳ್ಳೆಯ ಆಯ್ಕೆ. ಅಲ್ಲಿ ಗಾಳಿ ಪೂರ್ವದಿಂದ ಬೀಸುತ್ತೆ, ಡೈವ್ ಜಾಗಗಳು ಹೆಚ್ಚಾಗಿ ಪಶ್ಚಿಮದ ಮರೆಯಲ್ಲಿವೆ. ಚಂಡಮಾರುತದ ದಾರಿಯಿಂದ ದಕ್ಷಿಣಕ್ಕಿರೋದರಿಂದ ಆ ಕಾಟವೂ ಕಡಿಮೆ. ಹಾಗಂತ ಇಲ್ಲವೇ ಇಲ್ಲ ಅನ್ನಬೇಡಿ: 1999ರ ನವೆಂಬರ್‌ನಲ್ಲಿ ಲೆನ್ನಿ ಪಶ್ಚಿಮದಿಂದ ಪೂರ್ವಕ್ಕೆ ಉಲ್ಟಾ ಬಂದು, ಸದಾ ಶಾಂತವಾಗಿರೋ ಅದೇ ಪಶ್ಚಿಮದ ಹವಳವನ್ನ ಪುಡಿ ಮಾಡಿತ್ತು. ಪಶ್ಚಿಮದಿಂದ ಅಲೆ ಏಳುವ ದಿನ ಅಲ್ಲಿ ಯಾರೂ ದಡದಿಂದ ಇಳಿಯಲ್ಲ. ಅವತ್ತು ನೀವೂ ಇಳಿಯಬೇಡಿ.

ಓರಿಂಗ್_ಗೋವಿಂದ

ಗೇರ್ ಬಗ್ಗೆ. ಎಲ್ಲ ಕೊಳ್ಳೋ ಅವಶ್ಯಕತೆ ಇಲ್ಲ. ಕೊಳ್ಳೋದಾದರೆ ಈ ಕ್ರಮದಲ್ಲಿ ಯೋಚಿಸಿ: ಮುಖಕ್ಕೆ ಸರಿಯಾಗಿ ಕೂರೋ ಮಾಸ್ಕ್ (ಇದೆ ಅಂದ್ರಿ), ಡೈವ್ ಕಂಪ್ಯೂಟರ್ (ಆಳ, ಸಮಯ ಅಳೆದು ಇನ್ನೆಷ್ಟು ಹೊತ್ತು ಕೆಳಗಿರಬಹುದು ಅಂತ ಹೇಳೋದು) ತಲಾ ಒಂದು, ದಪ್ಪ ಅಡಿಯ ಬೂಟಿ (ನೀರಲ್ಲಿ ಹಾಕೋ ಬೂಟು) ಮತ್ತು ಅದರ ಮೇಲೆ ಹಾಕೋ, ಹಿಮ್ಮಡಿ ತೆರೆದ ಓಪನ್ ಹೀಲ್ ಫಿನ್ಸ್ (ಕಾಲಿನ ಈಜುರೆಕ್ಕೆ). ರೆಗ್ಯುಲೇಟರ್ (ಸಿಲಿಂಡರ್ ಗಾಳಿ ಉಸಿರಾಡೋ ಸಾಧನ), ಬಿಸಿಡಿ (ಗಾಳಿ ತುಂಬಿ ತೇಲುವಿಕೆ ಹೊಂದಿಸೋ ಜಾಕೆಟ್) ಅಲ್ಲೇ ಬಾಡಿಗೆಗೆ ಸಿಗುತ್ತೆ.

ಬೂಟಿ ಯಾಕೆ ಅಂದ್ರೆ, ಬೊನೇರ್‌ನಲ್ಲಿ ಮರಳಿನ ಬೀಚ್ ಕಡಿಮೆ. ಇಳಿಯೋದು ಸತ್ತ ಹವಳದ ಚೂರು, ಚೂಪು ಸುಣ್ಣಕಲ್ಲಿನ ಮೇಲೆ. ಬರಿಗಾಲಿಗೆ ಹಾಕೋ ಫುಲ್ ಫೂಟ್ ಫಿನ್ಸ್ ಅಲ್ಲಿ ನಿಷ್ಪ್ರಯೋಜಕ. 3 ಮಿಮೀ ಮೆತ್ತನೆ ಸಾಕ್ಸ್ ಥರದ ಬೂಟಿಯೂ ಬೇಡ, ಚಪ್ಪಲಿಯಷ್ಟು ಗಟ್ಟಿ ಅಡಿ ಇರಲಿ.

ಕಂಪ್ಯೂಟರ್ ಇಬ್ಬರಿಗೂ ಬೇರೆ ಬೇರೆ ಇರಲೇಬೇಕು. ಒಂದೇ ಕಂಪ್ಯೂಟರ್ ಹಂಚಿಕೊಂಡರೆ, ಕಟ್ಟಿಕೊಂಡವರಿಗಿಂತ 3 ಮೀಟರ್ ಕೆಳಗಿದ್ದವರ ಲೆಕ್ಕ ಅದರಲ್ಲಿ ಬರಲ್ಲ. ಎರಡರಲ್ಲಿ ಯಾವುದು ಮೊದಲು ಮೇಲೆ ಹೋಗು ಅನ್ನುತ್ತೋ ಅದರ ಮಾತು ಇಬ್ಬರೂ ಕೇಳಬೇಕು.

ಮುಂದೆ ರೆಗ್ಯುಲೇಟರ್ ಕೊಂಡರೆ ಯೋಕ್ (ಸಿಲಿಂಡರ್ ವಾಲ್ವ್ ಸುತ್ತ ಹಿಡಿದು ಕೂರೋ ಥರದ್ದು) ತಗೊಳ್ಳಿ. ಕೆರಿಬಿಯನ್‌ನಲ್ಲಿ ಹೆಚ್ಚಿನ ಸಿಲಿಂಡರ್ ಯೋಕ್ ವಾಲ್ವ್‌ನವು. ಡಿನ್ (ವಾಲ್ವ್ ಒಳಗೆ ತಿರುಗಿಸಿ ಕೂರಿಸೋದು) ಇರೋರು ಅಡಾಪ್ಟರ್ ಮರೆಯಬಾರದು. ಸರ್ವಿಸ್ ಮಾಡಿಸಿದ ರೆಗ್ಯುಲೇಟರನ್ನ ಸೀದಾ ಸೂಟ್‌ಕೇಸಿಗೆ ಹಾಕಬೇಡಿ, ಒಮ್ಮೆಯಾದರೂ ಈಜುಕೊಳದಲ್ಲಿ ಉಸಿರಾಡಿ ನೋಡಿ. ಸರ್ವಿಸ್ ಆದ ಮೇಲಿನ ಮೊದಲ ಡೈವ್‌ನಲ್ಲೇ ಜಾಸ್ತಿ ತೊಂದರೆ ಕಾಣಿಸಿಕೊಳ್ಳೋದು. ಹೊಸ ಸೀಟ್ (ಒಳಗಿನ ಸೀಲ್) ಕೂತುಕೊಳ್ಳೋಕೆ ಸಮಯ ಹಿಡಿಯುತ್ತೆ, ರೆಗ್ಯುಲೇಟರಿನ ಎರಡು ಹಂತಗಳ ಮಧ್ಯದ ಒತ್ತಡ 9-10 ಬಾರ್ (ಒತ್ತಡದ ಅಳತೆ) ಸುತ್ತ ನಿಲ್ಲದೆ ಮೆಲ್ಲಗೆ ಏರ್ತಾ ಹೋದರೆ ಸೆಕೆಂಡ್ ಸ್ಟೇಜ್ (ಬಾಯಿಗಿಡೋ ಭಾಗ) ತಾನಾಗಿ ಗಾಳಿ ಬಿಡೋಕೆ ಶುರು ಮಾಡುತ್ತೆ.

ಬಾಡಿಗೆ ಗೇರ್ ಆದರೂ ಸಣ್ಣದೊಂದು ಡಬ್ಬಿ ಜೊತೆಗಿರಲಿ: ಯೋಕ್ ವಾಲ್ವ್‌ಗೆ ಕೂರೋ 014 ಅಳತೆಯ ಓ-ರಿಂಗ್ (ಗಾಳಿ ಸೋರದ ಹಾಗೆ ತಡೆಯೋ ರಬ್ಬರ್ ಉಂಗುರ) ನಾಲ್ಕಾರು, ಮೌತ್‌ಪೀಸ್ ಒಂದು, ಕೇಬಲ್ ಟೈ, ಮಾಸ್ಕ್ ಪಟ್ಟಿ, ಫಿನ್ ಪಟ್ಟಿ, ಕಂಪ್ಯೂಟರ್ ಬ್ಯಾಟರಿ, ಸ್ವಲ್ಪ ಸಿಲಿಕೋನ್ ಗ್ರೀಸ್. ವ್ಯಾಸಲಿನ್ ಹಚ್ಚಬೇಡಿ, ಪೆಟ್ರೋಲಿಯಂ ಜೆಲ್ಲಿ ರಬ್ಬರ್ ಹಾಳು ಮಾಡುತ್ತೆ. ಗೈಡ್ ಇಲ್ಲದ ಜಾಗದಲ್ಲಿ ಹತ್ತು ರೂಪಾಯಿಯ ಓ-ರಿಂಗ್ ಇಲ್ಲದೆ ಒಂದು ಡೈವ್ ಹೋಗುತ್ತೆ.

ಮಾಸ್ಕ್ ಹೊಸದಾಗಿದ್ದರೆ ಗಾಜಿನ ಮೇಲೆ ಸಿಲಿಕೋನ್ ಪೊರೆ ಇರುತ್ತೆ, ಮಂಜು ಕಟ್ಟೋದು ಅದರಿಂದಲೇ. ಬಿಳಿ ಟೂತ್‌ಪೇಸ್ಟ್ (ಜೆಲ್ ಅಲ್ಲ) ಹಾಕಿ ಬೆರಳಲ್ಲಿ ಒಳಗಡೆ ಉಜ್ಜಿ ತೊಳೆಯಿರಿ, ನಾಲ್ಕೈದು ಸಲ. ಆಮೇಲೆ ನೀರು ಬೆರೆಸಿದ ಬೇಬಿ ಶಾಂಪೂ ಎರಡು ಹನಿ ಸಾಕು.

ಮಲ್ಪೆ_ಮಾಂಜಿ

ವೆಟ್‌ಸೂಟ್ ಬೇಕಾ ಅಂತ ಕೇಳಿದ್ರಲ್ಲ ಮಾರಾಯ್ರೆ, ಬೇಕು. ಫೆಬ್ರವರಿಯಲ್ಲಿ ಅಲ್ಲಿನ ನೀರು 26 ಡಿಗ್ರಿ ಆಸುಪಾಸು, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ 29ರವರೆಗೆ ಹೋಗ್ತದೆ. 26 ಅಂದ್ರೆ ಸ್ನಾನಕ್ಕೆ ತಣ್ಣಗೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಶಾಖ ಎಳೀತದೆ. ಮೊದಲ ಡೈವ್‌ನಲ್ಲಿ ಏನೂ ಅನಿಸುವುದಿಲ್ಲ. ದಿನಕ್ಕೆ ಮೂರು ಡೈವ್ ಹೊಡೆದು, ನಡುವೆ ಒದ್ದೆ ಮೈಯಲ್ಲಿ ಟ್ರಕ್‌ನ ಹಿಂದೆ ಆ ಗಾಳಿಗೆ ನಿಂತರೆ ನಾಲ್ಕನೇ ದಿನ ಹಲ್ಲು ಕಟಕಟ. ಚಳಿಯಾದರೆ ಗಾಳಿಯೂ ಬೇಗ ಖರ್ಚು. 3 ಮಿಮೀ ಫುಲ್ ಸೂಟ್ ಸಾಕು, ತೆಳ್ಳಗಿದ್ದವರು ಒಳಗೆ ಹುಡ್ ಇರುವ ವೆಸ್ಟ್ ಹಾಕಿ. ಮೊಣಕಾಲಿನವರೆಗೆ ಬರುವ ಶಾರ್ಟಿ ಬೇಡ: ಚಳಿಗಿಂತ ಹೆಚ್ಚಾಗಿ, ಮುಟ್ಟಿದರೆ ಉರಿಯುವ ಬೆಂಕಿ ಹವಳ ಕಾಲಿಗೆ ತಾಗದ ಹಾಗೆ ಮೈ ಮುಚ್ಚಬೇಕು.

ಗ್ಲೌಸ್ ಹಾಕುವ ಹಾಗಿಲ್ಲ. ಅಲ್ಲಿನ ಸಾಗರ ಉದ್ಯಾನದಲ್ಲಿ ನಿಷೇಧ. ಕೈಗೆ ಕವಚ ಇದ್ದರೆ ಜನ ಹವಳ ಹಿಡಿದು ನಿಲ್ತಾರೆ ಅಂತ.

ಈಗ ಭಾರದ ವಿಷಯ, ಅಂದ್ರೆ ಮುಳುಗಲಿಕ್ಕೆ ಕಟ್ಟಿಕೊಳ್ಳುವ ಸೀಸದ ತುಂಡುಗಳು. ಇದನ್ನು ನೀವೇ ಮಾಡ್ಬೇಕು, ಅಂಗಡಿಯವರು "ಎಷ್ಟು ಪೌಂಡ್?" ಅಂತ ಕೇಳ್ತಾರೆ ಅಷ್ಟೇ. ಕೆಜಿಯನ್ನು 2.2ರಿಂದ ಗುಣಿಸಿ ಪೌಂಡ್‌ಗೆ ತನ್ನಿ. ಅಲ್ಲಿ ಸಿಗುವ ಸಿಲಿಂಡರ್ ಹೆಚ್ಚಾಗಿ ಅಲ್ಯೂಮಿನಿಯಂ 80, ಅಂದ್ರೆ ಒಳಗೆ 11.1 ಲೀಟರ್ ಜಾಗ, 207 ಬಾರ್. ತುಂಬಿದಾಗ ಅದು ಸ್ವಲ್ಪ ಮುಳುಗುತ್ತದೆ, ಖಾಲಿಯಾದಾಗ ಸುಮಾರು 2 ಕೆಜಿಯಷ್ಟು ತೇಲ್ತದೆ. 200ರಿಂದ 50 ಬಾರ್‌ಗೆ ಇಳಿದರೆ ಹೋದ ಗಾಳಿ ಸುಮಾರು 1,665 ಲೀಟರ್, ಅದರ ತೂಕವೇ 2 ಕೆಜಿ. ಡೈವ್ ಶುರುವಲ್ಲಿ ಸರಿ ಇದ್ದ ಭಾರ ಕೊನೆಯಲ್ಲಿ ಸಾಲದೆ, 5 ಮೀಟರ್‌ನಲ್ಲಿ ನಿಲ್ಲಲಿಕ್ಕೆ ಆಗದೆ ಬಾಟಲಿ ಬಿರಡೆ ಹಾಗೆ ಮೇಲೆ ಬರುವುದು ಇದಕ್ಕೇ.

ಪರೀಕ್ಷೆ ಹೀಗೆ: ಡೈವ್ ಮುಗಿದು 50 ಬಾರ್ ಉಳಿದಾಗ, ಕಾಲು ನಿಲುಕದ ನೀರಲ್ಲಿ, ಬಿಸಿಡಿ ಪೂರ್ತಿ ಖಾಲಿ ಮಾಡಿ, ಸಾಧಾರಣ ಉಸಿರು ಹಿಡಿದು, ಕಾಲು ಆಡಿಸದೆ ನಿಲ್ಲಿ. ನೀರು ಕಣ್ಣಿನ ಮಟ್ಟಕ್ಕೆ ಇರಬೇಕು, ಉಸಿರು ಬಿಟ್ಟ ಕೂಡಲೇ ಮೆಲ್ಲ ಮುಳುಗಬೇಕು. ತುಂಬಿದ ಸಿಲಿಂಡರಿನಲ್ಲಿ ಮಾಡುವುದಾದರೆ ಅದೇ ಪರೀಕ್ಷೆ ಮಾಡಿ, ಕೊನೆಗೆ 2 ಕೆಜಿ ಸೇರಿಸಿ. 70 ಕೆಜಿಯವರು 3 ಮಿಮೀ ಸೂಟಿಗೆ 4-5 ಕೆಜಿಯಿಂದ ಶುರು ಮಾಡಬಹುದು, ಆದರೆ ಇದು ಶುರು ಮಾತ್ರ. ಬೆಂಗಳೂರಿನ ಈಜುಕೊಳದಲ್ಲಿ ಸರಿ ಮಾಡಿಕೊಂಡ ಅಂಕಿ ಉಪ್ಪು ನೀರಿಗೆ ಸಾಲುವುದಿಲ್ಲ. ಮೈ, ಗೇರ್ ಸೇರಿ ಒಟ್ಟು 95 ಕೆಜಿ ಇದ್ದರೆ ಇನ್ನೂ ಎರಡೂವರೆ ಕೆಜಿ ಹತ್ತಿರ ಬೇಕು.

ಕೋರ್ಸ್‌ನಲ್ಲಿ ಇನ್‌ಸ್ಟ್ರಕ್ಟರ್‌ಗಳು ವಿದ್ಯಾರ್ಥಿಗಳಿಗೆ ಭಾರ ಜಾಸ್ತಿಯೇ ಕಟ್ಟುವುದು, ತೇಲಬಾರದು ಅಂತ. ಅದೇ ಅಂಕಿ ನಿಮ್ಮ ಲಾಗ್‌ಬುಕ್ಕಿನಲ್ಲಿದ್ದರೆ ನಂಬಬೇಡಿ. ಭಾರ ಜಾಸ್ತಿ ಇದ್ದರೆ ಬಿಸಿಡಿಗೆ ಗಾಳಿ ಜಾಸ್ತಿ ತುಂಬಬೇಕು, ಒಂದು ಮೀಟರ್ ಏರಿದರೂ ಅದು ಹಿಗ್ಗಿ ಮತ್ತೆ ಏರಿಸ್ತದೆ, ಬಿಟ್ಟರೆ ಮುಳುಗಿಸ್ತದೆ. ಕಾಲು ಕೆಳಗೆ ಜೋತು ಫಿನ್ಸ್ ಹವಳಕ್ಕೆ ಬಡೀತದೆ.

ನೀಲಿಜೋಳಿಗೆ

@ಮಲ್ಪೆ_ಮಾಂಜಿ ಲಾಗ್‌ಬುಕ್ ತೆಗೆದು ನೋಡಿದೆ, ಇಬ್ಬರಿಗೂ 8 ಕೆಜಿ ಅಂತಿದೆ. ಅರ್ಥ ಆಯ್ತು. ಗಾಳಿ ಲೆಕ್ಕ ಹೇಗೆ? ನಾವು ಇಷ್ಟು ದಿನ "100 ಆದಾಗ ಹೇಳಿ, 50ಕ್ಕೆ ಮೇಲೆ" ಅಷ್ಟೇ ಕೇಳಿರೋದು.

ಲೆಕ್ಕದ_ಮೇಷ್ಟ್ರು

ಅದು ಗೈಡ್ ಇದ್ದಾಗಿನ ಲೆಕ್ಕ. ಹೋಗೋಕೆ ಮುಂಚೆ ನೇತ್ರಾಣಿಯಲ್ಲಿ ಇನ್ನೆರಡು ಡೈವ್ ಮಾಡಿ, ಅಕ್ಟೋಬರ್‌ನಿಂದ ಮಳೆಗಾಲದ ಮುಂಚಿನವರೆಗೆ ಅಲ್ಲಿ ಸೀಸನ್ ಇರುತ್ತೆ. ಆ ಡೈವ್‌ನಲ್ಲಿ ಒಂದೇ ಆಳದಲ್ಲಿ 15 ನಿಮಿಷ ಇದ್ದು, ಶುರು ಮತ್ತು ಕೊನೆಯ ಒತ್ತಡ ಸ್ಲೇಟಿನ ಮೇಲೆ ಬರೀರಿ.

ಉದಾಹರಣೆಗೆ 12 ಮೀಟರ್, 15 ನಿಮಿಷ, 60 ಬಾರ್ ಖರ್ಚು ಅನ್ನಿ. 60ನ್ನು 11.1ರಿಂದ ಗುಣಿಸಿದರೆ 666 ಲೀಟರ್. 15ರಿಂದ ಭಾಗಿಸಿದರೆ ನಿಮಿಷಕ್ಕೆ 44.4. 12 ಮೀಟರ್‌ನಲ್ಲಿ ಒತ್ತಡ ಮೇಲ್ಮೈಯದರ 2.2 ಪಟ್ಟು, ಅದರಿಂದ ಭಾಗಿಸಿ: ಮೇಲ್ಮೈ ಲೆಕ್ಕದಲ್ಲಿ ನಿಮಿಷಕ್ಕೆ ಸುಮಾರು 20 ಲೀಟರ್. ಇದು ನಿಮ್ಮ ಅಂಕಿ. ಕಾರಿನ ಮೈಲೇಜ್ ಇದ್ದ ಹಾಗೆ, ಒಬ್ಬೊಬ್ಬರದೂ ಬೇರೆ.

ಮುಂದೆ, ಕೈ ಹಾಕದೆ ಉಳಿಸಬೇಕಾದ ಗಾಳಿ ಎಷ್ಟು? 18 ಮೀಟರ್‌ನಲ್ಲಿ ಜೊತೆಯವರ ಗಾಳಿ ಪೂರ್ತಿ ನಿಂತಿತು, ಇಬ್ಬರೂ ಒಂದೇ ಸಿಲಿಂಡರ್‌ನಲ್ಲಿ ಮೇಲೆ ಬರಬೇಕು ಅಂದುಕೊಳ್ಳಿ. ಗಾಬರಿಯಲ್ಲಿ ತಲಾ 30, ಒಟ್ಟು ನಿಮಿಷಕ್ಕೆ 60 ಲೀಟರ್.
ಕೆಳಗೆ ಸುಧಾರಿಸಿಕೊಳ್ಳೋಕೆ 1 ನಿಮಿಷ: 60 × 2.8 (18 ಮೀಟರ್ ಆಳದ ಒತ್ತಡ) = 168.
18ರಿಂದ 5 ಮೀಟರ್‌ಗೆ ಒಂದೂವರೆ ನಿಮಿಷ: ಸುಮಾರು 194.
5 ಮೀಟರ್‌ನಲ್ಲಿ 3 ನಿಮಿಷ ಸೇಫ್ಟಿ ಸ್ಟಾಪ್ (ಮೈಯಲ್ಲಿ ಸೇರಿದ ಸಾರಜನಕ ಹೊರಹೋಗೋಕೆ ನಿಲ್ಲೋದು): 270.
ಅಲ್ಲಿಂದ ಮೇಲಕ್ಕೆ 1 ನಿಮಿಷ: 75.
ಒಟ್ಟು 707 ಲೀಟರ್. 11.1ರಿಂದ ಭಾಗಿಸಿ, 64 ಬಾರ್. 70 ಅಂತ ಇಟ್ಕೊಳ್ಳಿ. ನೋಡಿ, 18 ಮೀಟರ್‌ನಲ್ಲಿ "50ಕ್ಕೆ ಮೇಲೆ" ಅನ್ನೋದು ಇಬ್ಬರಿಗೆ ಸಾಲಲ್ಲ.

200ರಲ್ಲಿ 70 ಕಳೆದರೆ ಖರ್ಚಿಗೆ 130. ಅರ್ಧ ಹೋಗೋಕೆ, ಅರ್ಧ ಬರೋಕೆ. ಅಂದರೆ 135 ಬಾರ್ ಆದ ತಕ್ಷಣ ತಿರುಗಬೇಕು, ಇಬ್ಬರಲ್ಲಿ ಯಾರದು ಮೊದಲು ಮುಟ್ಟುತ್ತೋ ಆಗ. ಅಲ್ಲಿನ ಬಾಡಿಗೆ ಗೇಜ್ ಪಿಎಸ್‌ಐನಲ್ಲಿದ್ದರೆ (ಅದೂ ಒತ್ತಡದ ಅಳತೆಯೇ) ಇನ್ನೂ ಸುಲಭ: 3000ಕ್ಕೆ ಶುರು, 2000ಕ್ಕೆ ತಿರುಗು, 1000ಕ್ಕೆ ಏರು. ಸಿಲಿಂಡರ್ ಕಡಿಮೆ ತುಂಬಿದ್ದರೆ, ಉದಾಹರಣೆಗೆ 180 ಬಾರ್, ತಿರುಗೋದು 125ಕ್ಕೆ. 135 ಅಂತ ಬಾಯಿಪಾಠ ಮಾಡಬೇಡಿ, ಪ್ರತಿ ಡೈವ್‌ಗೂ ಟ್ರಕ್ ಹತ್ತಿರವೇ ಲೆಕ್ಕ ಹಾಕಿ ಬಡ್ಡಿಗೆ (ಜೊತೆ ಡೈವ್ ಮಾಡೋರಿಗೆ) ಹೇಳಿ.

ಓರಿಂಗ್_ಗೋವಿಂದ

ಬಡ್ಡಿ ಹತ್ತಿರ ಇದ್ದರೆ ಅಸಲು ಉಳಿಯುತ್ತೆ ಮೇಷ್ಟ್ರೇ. 😄

ಒಂದು ಸೇರಿಸ್ತೀನಿ. ಜೋಡಿಸಿದ ಮೇಲೆ ಗೇಜ್ ನೋಡ್ತಾ ನಾಲ್ಕು ದೀರ್ಘ ಉಸಿರು ತಗೊಳ್ಳಿ. ಪ್ರತಿ ಉಸಿರಿಗೂ ಮುಳ್ಳು ಕುಸಿದು ಮತ್ತೆ ಮೇಲೇಳ್ತಾ ಇದ್ದರೆ ವಾಲ್ವ್ ಪೂರ್ತಿ ತೆರೆದಿಲ್ಲ. ದಡದಲ್ಲಿ ಹೇಗೋ ಉಸಿರಾಡಬಹುದು, 15 ಮೀಟರ್‌ನಲ್ಲಿ ಎಳೆದರೂ ಬರಲ್ಲ. ವಾಲ್ವ್ ಪೂರ್ತಿ ತೆರೆದು ಹಾಗೇ ಬಿಡಿ. "ಕಾಲು ಸುತ್ತು ಹಿಂದೆ ತಿರುಗಿಸಿ" ಅನ್ನೋದು ಹಳೇ ಪದ್ಧತಿ. ಅದರಿಂದಲೇ ಮುಚ್ಚಿದ್ದನ್ನ ತೆರೆದಿದೆ ಅಂದುಕೊಳ್ಳೋ ಗೊಂದಲ ಆಗೋದು.

ಕಿವಿಮೂಗು_ಡಾಕ್ಟರ್

ಎರಡು ವಿಷಯ ಯಾರೂ ಎತ್ತಿಲ್ಲ.

ಮೊದಲನೆಯದು ಆರೋಗ್ಯದ ಪ್ರಶ್ನಾವಳಿ. ಡೈವ್ ಅಂಗಡಿ ಕೊಡುವ ಫಾರ್ಮ್‌ನಲ್ಲಿ ಅಸ್ತಮಾ, ಬಿಪಿ, ಹೃದಯ, ಕಿವಿ ಶಸ್ತ್ರಚಿಕಿತ್ಸೆ, 45 ದಾಟಿದವರಿಗೆ ಇನ್ನಷ್ಟು ಪ್ರಶ್ನೆಗಳಿರುತ್ತವೆ. ಕೆಲವು ಪ್ರಶ್ನೆಗೆ "ಹೌದು" ಎಂದರೆ ವೈದ್ಯರ ಸಹಿ ಬೇಕೇ ಬೇಕು. ಅಲ್ಲಿ ಹೋಗಿ ಓದಿ, ಸಹಿ ಇಲ್ಲದೆ ಟ್ರಿಪ್ ಪೂರ್ತಿ ದಡದಲ್ಲಿ ಕೂರಬೇಡಿ. ಫಾರ್ಮನ್ನು ಈಗಲೇ ಡೌನ್‌ಲೋಡ್ ಮಾಡಿ, ಬೇಕಿದ್ದರೆ ಸಹಿ ಮಾಡಿಸಿ ಮುದ್ರಿತ ಪ್ರತಿ ಒಯ್ಯಿರಿ. ಸಹಿ ತಪ್ಪಿಸಿಕೊಳ್ಳಲು ಎಲ್ಲಕ್ಕೂ "ಇಲ್ಲ" ಎಂದು ಬರೆಯುವವರಿದ್ದಾರೆ. ಅಪಘಾತವಾದರೆ ವಿಮೆಯೂ ಕೈಬಿಡಬಹುದು.

ಎರಡನೆಯದು ಕಿವಿ. ನೀರಿಗಿಳಿಯುವ ಮುಂಚೆ ಮೇಲ್ಮೈಯಲ್ಲೇ ಒಮ್ಮೆ ಈಕ್ವಲೈಸ್ ಮಾಡಿ (ಕಿವಿಯೊಳಗಿನ ಒತ್ತಡ ಹೊರಗಿನದಕ್ಕೆ ಸಮ ಮಾಡುವುದು), ನಂತರ ಪ್ರತಿ ಅರ್ಧ ಮೀಟರಿಗೆ, ನೋವು ಬರುವ ಮೊದಲೇ. ನೋವು ಬಂದ ಮೇಲೆ ಜೋರಾಗಿ ಊದಿದರೆ ಮೂಗಿನಿಂದ ಕಿವಿಗೆ ಹೋಗುವ ನಳಿಕೆ ಇನ್ನಷ್ಟು ಬಿಗಿಯುತ್ತದೆ, ಕಿವಿತಮಟೆಯಷ್ಟೇ ಅಲ್ಲ, ಒಳಕಿವಿಗೂ ಪೆಟ್ಟಾಗಬಹುದು. ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ತಲೆ ಮೇಲಾಗಿ ಇಳಿಯುವುದು ಸುಲಭ. ಮೂಗು ಹಿಡಿದು ಎಂಜಲು ನುಂಗುವ ಕ್ರಮವನ್ನು ಎರಡು ವಾರ ಮುಂಚಿನಿಂದ ದಿನಕ್ಕೆ ಹತ್ತು ಸಲ ಮನೆಯಲ್ಲೇ ಅಭ್ಯಾಸ ಮಾಡಿ.

ನೆಗಡಿ ಇದ್ದಾಗ ಮೂಗಿನ ಹನಿ ಹಾಕಿಕೊಂಡು ಇಳಿಯಬೇಡಿ. ಇಳಿಯುವಾಗ ಕಿವಿ ತೆರೆಯುತ್ತದೆ, ನಲವತ್ತು ನಿಮಿಷದಲ್ಲಿ ಪರಿಣಾಮ ತಗ್ಗಿದರೆ ಏರುವಾಗ ಗಾಳಿ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಇಳಿಯುವುದನ್ನು ಬೇಡವೆನ್ನಬಹುದು, ಏರುವುದನ್ನು ಬೇಡವೆನ್ನಲಾಗದು.

ದಿನಕ್ಕೆ ಮೂರು ಡೈವ್ ಮಾಡುವವರಿಗೆ ನಾಲ್ಕನೇ ದಿನಕ್ಕೆ ಹೊರಕಿವಿ ಸೋಂಕು ಸಾಮಾನ್ಯ. ಪ್ರತಿ ಡೈವ್ ನಂತರ ಸಿಹಿನೀರಿನಲ್ಲಿ ತೊಳೆದು ಒಣಗಿಸಿ. 2% ಅಸಿಟಿಕ್ ಆಮ್ಲದ ಹನಿ ಬೆಳಿಗ್ಗೆ, ಸಂಜೆ ತಲಾ ಐದು ನಿಮಿಷ ಕಿವಿಯಲ್ಲಿ ನಿಲ್ಲಲಿ. ತಮಟೆಯಲ್ಲಿ ತೂತು ಇರುವವರಿಗೆ ಇದು ಸಲ್ಲದು, ಮೊದಲು ತೋರಿಸಿಕೊಳ್ಳಿ. ಹತ್ತಿಕಡ್ಡಿ ಮನೆಯಲ್ಲೇ ಬಿಡಿ.

ಎದುರಿನ ಪುಟ್ಟ ದ್ವೀಪ ಕ್ಲೈನ್ ಬೊನೇರ್‌ಗೆ ದೋಣಿಯಲ್ಲಿ ಹೋಗುವುದಾದರೆ: ನಮ್ಮಲ್ಲಿ ಬಸ್ಸಿಗೆ ನುಂಗುವ ಅವೊಮಿನ್ ನಿದ್ದೆ ತರಿಸುತ್ತದೆ. ಆ ಮಂಪರಿನಲ್ಲಿ ಡೈವ್ ಬೇಡ.

ಹ್ಯೂಸ್ಟನ್_ಹವ್ಯಕ

ನೈಟ್ರಾಕ್ಸ್ ವಿಷಯ ಬಾಕಿ ಇದೆ. ಮಾಡ್ಕೊಂಡು ಹೋಗಿ. ಕೋರ್ಸ್ ಸಣ್ಣದು, ಅಲ್ಲಿ ತುಂಬಾ ಅಂಗಡಿಗಳಲ್ಲಿ 32% ನೈಟ್ರಾಕ್ಸ್ ಸಾದಾ ಗಾಳಿಯ ಬೆಲೆಗೇ ಕೊಡ್ತಾರೆ. 18 ಮೀಟರ್‌ನಲ್ಲಿ 32% ಉಸಿರಾಡಿದರೆ ಸಾರಜನಕದ ಲೆಕ್ಕದಲ್ಲಿ (ಅದು ಮೈಯಲ್ಲಿ ಸೇರಿದಷ್ಟೂ ಕೆಳಗಿರೋ ಸಮಯ ಕಡಿಮೆ) 14 ಮೀಟರ್‌ನಲ್ಲಿ ಇದ್ದ ಹಾಗೆ.

ಲೆಕ್ಕದ_ಮೇಷ್ಟ್ರು

ಇಲ್ಲಿ ನನ್ನದು ಬೇರೆ ಅಭಿಪ್ರಾಯ. ನಿಮಿಷಕ್ಕೆ 20 ಲೀಟರ್ ಎಳೆಯೋರಿಗೆ 18 ಮೀಟರ್‌ನಲ್ಲಿ ಖರ್ಚಿನ 130 ಬಾರ್ 26 ನಿಮಿಷಕ್ಕೆ ಮುಗಿಯುತ್ತೆ. ಡೈವಿಂಗ್ ತರಬೇತಿಯ ಪಾಡಿ ಸಂಸ್ಥೆಯ ಟೇಬಲ್ ಸಾದಾ ಗಾಳಿಗೇ 56 ನಿಮಿಷ ಕೊಡುತ್ತೆ. ಗಾಳಿಯೇ ಇಲ್ಲದಾಗ ಸಾರಜನಕದ ರಿಯಾಯಿತಿ ಇಟ್ಕೊಂಡು ಏನು ಮಾಡೋದು? ಆ ದುಡ್ಡಲ್ಲಿ ತೇಲುವಿಕೆ ಹಿಡಿತಕ್ಕೆ ಒಂದು ದಿನದ ಪಾಠ ತಗೊಳ್ಳಲಿ, ಗಾಳಿ ಉಳಿಯುತ್ತೆ.

ಹ್ಯೂಸ್ಟನ್_ಹವ್ಯಕ

ಒಂದೇ ಡೈವ್ ಆದರೆ ನಿಮ್ಮ ಮಾತು ಸರಿ. ಎಂಟು ದಿನ, ದಿನಕ್ಕೆ ಮೂರು ಅಂದಾಗ ಉಳಿಕೆ ಸಾರಜನಕ ಗುಡ್ಡೆ ಬೀಳ್ತದೆ, ಆಗ ಕಂಪ್ಯೂಟರ್ ಮೂರನೇ ಡೈವ್‌ಗೆ ಕತ್ತರಿ ಹಾಕೋದು. ಪಾಠ, ನೈಟ್ರಾಕ್ಸ್ ಎರಡೂ ಇರಲಿ. ಆದರೆ ತಗೊಂಡರೆ ಶಿಸ್ತು ಬೇಕು: ಸಿಲಿಂಡರ್ ಎತ್ತಿಕೊಳ್ಳುವ ಮುಂಚೆ ಅನಲೈಜರನ್ನ (ಆಮ್ಲಜನಕ ಅಳೆಯೋದು) ಗಾಳಿಯಲ್ಲಿ 20.9ಕ್ಕೆ ಹೊಂದಿಸಿ, ಪ್ರತಿ ಸಿಲಿಂಡರನ್ನೂ ನೀವೇ ಅಳೆದು, ಬಂದ ಅಂಕಿ, ಗರಿಷ್ಠ ಆಳ, ತಾರೀಕು, ಹೆಸರು ಟೇಪಿನ ಮೇಲೆ ಬರೆದು ಅಂಟಿಸಿ. 32ಕ್ಕೆ, ಆಮ್ಲಜನಕದ ಒತ್ತಡ 1.4 ದಾಟಬಾರದು ಅನ್ನೋ ಮಿತಿಯಲ್ಲಿ 33 ಮೀಟರ್, 36ಕ್ಕೆ 28. ಕಂಪ್ಯೂಟರ್‌ಗೂ ಅದೇ ಅಂಕಿ ಹಾಕಿ. ಕೆಲವು ಕಂಪ್ಯೂಟರ್‌ಗಳು ರಾತ್ರಿ ಕಳೆದ ಮೇಲೆ ತಾವಾಗಿ 21ಕ್ಕೆ ವಾಪಸ್ ಹೋಗ್ತವೆ.

ಇನ್ನು ಇಳಿಯುವ ಕ್ರಮ.

ಮೊದಲ ದಿನ ಪರಿಚಯದ ಮಾತು ಕೇಳಿ, ಅಂಗಡಿಯ ಎದುರಲ್ಲೇ ಒಂದು ಚೆಕ್ ಡೈವ್ ಮಾಡ್ಬೇಕು, ಅದು ಉದ್ಯಾನದ ಕಡ್ಡಾಯ ನಿಯಮ. ನಿಮ್ಮ ಭಾರದ ಪರೀಕ್ಷೆ ಅವತ್ತೇ ಮುಗಿಸಿ.

ಹೊಸ ಜಾಗಕ್ಕೆ ಹೋದರೆ ಗೇರ್ ಇಳಿಸುವ ಮುಂಚೆ ಐದು ನಿಮಿಷ ನೀರು ನೋಡಿ. ಅಲೆ ಎಲ್ಲಿ ಒಡೀತಿದೆ, ಎರಡು ದೊಡ್ಡ ಅಲೆಗಳ ನಡುವೆ ಎಷ್ಟು ಬಿಡುವು, ಹೊರಬರೋಕೆ ಇದೇ ಜಾಗ ಸರಿಯಾ. ಮಾಸ್ಕ್ ಮುಖಕ್ಕೆ, ರೆಗ್ಯುಲೇಟರ್ ಬಾಯಿಗೆ, ಬಿಸಿಡಿಗೆ ಅರ್ಧ ಗಾಳಿ, ಫಿನ್ಸ್ ಕೈಯಲ್ಲಿ. ಒಬ್ಬರ ಭುಜ ಒಬ್ಬರು ಹಿಡಿದು, ಕಾಲು ಎತ್ತದೆ ಸವರ್ತಾ ನಡೀರಿ. ಸೊಂಟದ ಮಟ್ಟ ನೀರು ಬಂದ ತಕ್ಷಣ ಮಲಗಿ ತೇಲಿ, ಆಮೇಲೆ ಫಿನ್ಸ್. ಮೊಣಕಾಲು ನೀರಲ್ಲಿ ನಿಂತು ಫಿನ್ಸ್ ಹಾಕೋಕೆ ಹೋದೋರು ಬೀಳೋದು.

ಮೇಲ್ಮೈಯಲ್ಲೇ ಈಜಿ, ಮೂರಿಂಗ್ ಬೋಯ್ (ದೋಣಿ ಕಟ್ಟೋ ತೇಲುಗುಂಡು) ಹತ್ತಿರ ಇಳೀರಿ. ಅಲ್ಲಿ ದಡದಿಂದ ಮರಳಿನ ಹಾಸು, ಆಮೇಲೆ ಸುಮಾರು 10 ಮೀಟರ್‌ನಿಂದ ರೀಫ್ (ಹವಳದ ದಿಬ್ಬ) ಜಾರ್ತಾ ಹೋಗ್ತದೆ. ಅಂಚಿಗೆ ಬಂದಾಗ ಹಿಂದೆ ತಿರುಗಿ ನೋಡಿ, ಆಳ ಎಷ್ಟು, ಗುರುತಿಗೆ ಏನಿದೆ ಅಂತ ಸ್ಲೇಟ್ ಮೇಲೆ ಬರೀರಿ. ದ್ವೀಪದ ಪಶ್ಚಿಮ ದಂಡೆ ಆದ್ದರಿಂದ ದಡ ಯಾವಾಗಲೂ ಹೆಚ್ಚುಕಮ್ಮಿ ಪೂರ್ವಕ್ಕೆ, ದಿಕ್ಸೂಚಿಯಲ್ಲಿ 90. ಸಮುದ್ರ ಬೀಸಣಿಗೆಗಳು (ಬೀಸಣಿಗೆ ಆಕಾರದ ಹವಳ) ಯಾವ ಕಡೆ ಬಾಗಿವೆ ನೋಡಿ ಸೆಳೆತ ತಿಳ್ಕೊಳ್ಳಿ, ಮೊದಲು ಅದಕ್ಕೆ ಎದುರಾಗಿ ಹೋಗಿ. ವಾಪಸ್ ಬರುವಾಗ 6-8 ಮೀಟರ್‌ಗೆ ಏರಿ ಬನ್ನಿ, ಮೀನು ಜಾಸ್ತಿ ಇರೋದೂ ಅಲ್ಲೇ.

ಕಾರ್ಡ್ ಓಪನ್ ವಾಟರ್, ಅಂದರೆ ಆಳದ ಮಿತಿ 18 ಮೀಟರ್. ಹಿಲ್ಮಾ ಹೂಕರ್ ಅನ್ನೋ ಹಡಗು 1984ರಲ್ಲಿ ಮುಳುಗಿದ್ದು, 30 ಮೀಟರ್ ತಳದಲ್ಲಿ ಮಗ್ಗುಲಾಗಿ ಮಲಗಿದೆ. ಅದರ ಮೇಲಿನ ಮಗ್ಗುಲು 18ರ ಹತ್ತಿರ ಸಿಗ್ತದೆ, ಅಲ್ಲಿಂದಲೇ ನೋಡಿ ವಾಪಸ್ ಬನ್ನಿ. "ಥೌಸಂಡ್ ಸ್ಟೆಪ್ಸ್" ಅನ್ನೋ ಜಾಗದಲ್ಲಿ ಮೆಟ್ಟಿಲು ನೂರೂ ಇಲ್ಲ; ಸಿಲಿಂಡರ್ ಹೊತ್ತು ಹತ್ತುವಾಗ ಹೆಸರು ಸರಿ ಅನಿಸ್ತದೆ ಅಷ್ಟೇ. ಉಪ್ಪಿನ ಜೆಟ್ಟಿ ಹತ್ತಿರ ಹಡಗು ನಿಂತಿದ್ದರೆ ಅವತ್ತು ಅಲ್ಲಿ ಇಳಿಯೋ ಹಾಗಿಲ್ಲ.

ಸೂಟ್‌ಕೇಸ್_ಸುಮಾ

ಕಾಗದ-ಪತ್ರ, ಸಾಮಾನು ನನ್ನ ಪಾಲಿಗಿರಲಿ.

ಬೊನೇರ್ 2010ರಿಂದ ನೆದರ್‌ಲ್ಯಾಂಡ್ಸ್‌ನ ವಿಶೇಷ ಪುರಸಭೆ, ಆದರೆ ಯುರೋಪಿನ ಒಂದೇ ವೀಸಾದ ಷೆಂಗೆನ್ ವಲಯದಲ್ಲಿ ಇಲ್ಲ. ಆಮ್‌ಸ್ಟರ್‌ಡ್ಯಾಮ್ ಮೇಲೆ ಹೋಗ್ತೀರಾ, ಅಮೆರಿಕದ ಮೇಲೆ ಹೋಗ್ತೀರಾ ಅನ್ನೋದರ ಮೇಲೆ ವೀಸಾ ಲೆಕ್ಕ ಬದಲಾಗುತ್ತೆ. ಟಿಕೆಟ್ ಮುಂಚೆ ಡಚ್ ದೂತಾವಾಸದ ಪುಟದಲ್ಲಿ ಭಾರತೀಯ ಪಾಸ್‌ಪೋರ್ಟ್‌ಗೆ ಕೆರಿಬಿಯನ್ ವೀಸಾ ನಿಯಮ ಓದಿ. ದುಡ್ಡು ಯೂರೋ ಅಲ್ಲ, 2011ರಿಂದ ಅಮೆರಿಕನ್ ಡಾಲರ್. ಪ್ರವೇಶ ತೆರಿಗೆ 75 ಡಾಲರ್, ಸಾಗರ ಉದ್ಯಾನ ನೋಡಿಕೊಳ್ಳೋ ಸ್ಟಿನಾಪಾಗೆ ಕಟ್ಟೋ ಪ್ರಕೃತಿ ಶುಲ್ಕ 40 ಡಾಲರ್, ಇದು ಆ ಕ್ಯಾಲೆಂಡರ್ ವರ್ಷಕ್ಕೆ. ಎರಡನ್ನೂ ಆನ್‌ಲೈನ್‌ನಲ್ಲೇ ಕಟ್ಟಿ, ಹೊರಡೋ ವಾರ ದರ ಮತ್ತೊಮ್ಮೆ ನೋಡ್ಕೊಳ್ಳಿ.

ಕರೆಂಟ್ ಅಲ್ಲಿ 127 ವೋಲ್ಟ್, ಪ್ಲಗ್ ಅಮೆರಿಕದ ಥರ. ಕ್ಯಾಮೆರಾ, ಟಾರ್ಚ್ ಚಾರ್ಜರ್ ಮೇಲೆ 100-240 ಅಂತ ಬರೆದಿದ್ದರೆ ತೊಂದರೆ ಇಲ್ಲ. ಇಲ್ಲಿಂದ ಕೆಟಲ್ ಒಯ್ದರೆ ನೀರು ಕಾಯೋದರಲ್ಲಿ ಒಂದು ಡೈವ್ ಮುಗಿಸಿ ಬರಬಹುದು. ಅಡುಗೆಮನೆ ಇರೋ ರೂಮು ತಗೊಳ್ಳಿ, ಸಸ್ಯಾಹಾರಿಗಳಾದರೆ ಅದೇ ನೆಮ್ಮದಿ. ನಲ್ಲಿ ನೀರು ಸಮುದ್ರದ ನೀರನ್ನೇ ಶುದ್ಧ ಮಾಡಿದ್ದು, ಕುಡಿಯಬಹುದು.

ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲಿ, ಟಾರ್ಚ್‌ನಿಂದ ಬ್ಯಾಟರಿ ತೆಗೆದು. ಅಪ್ಪಿತಪ್ಪಿ ಆನ್ ಆದರೆ ಡೈವ್ ಟಾರ್ಚ್ ಬಟ್ಟೆ ಸುಡುವಷ್ಟು ಕಾಯುತ್ತೆ. ಮಾಸ್ಕ್, ಕಂಪ್ಯೂಟರ್ ಕೂಡ ಕೈಚೀಲದಲ್ಲೇ. ಚಾಕು, ಕತ್ತರಿ ಚೆಕ್-ಇನ್‌ಗೆ.

ಸನ್‌ಸ್ಕ್ರೀನ್‌ನಲ್ಲಿ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರಬಾರದು, ಅಲ್ಲಿ ನಿಷೇಧ. ಜಿಂಕ್ ಆಕ್ಸೈಡ್ ಇರೋದು ತಗೊಳ್ಳಿ, ಅದಕ್ಕಿಂತ ಉದ್ದ ತೋಳಿನ ರಾಷ್‌ಗಾರ್ಡ್ ವಾಸಿ.

ಟ್ರಕ್: ಬಲಬದಿ ಚಾಲನೆ, ಕೈಯಲ್ಲಿ ಗೇರ್ ಬದಲಿಸೋ (ಮ್ಯಾನ್ಯುಯಲ್) ಗಾಡಿಗಳೇ ಜಾಸ್ತಿ. ಡೈವ್‌ಗೆ ಇಳಿಯುವಾಗ ಒಳಗೆ ಏನೂ ಬಿಡಬೇಡಿ, ಟವೆಲ್ ಕೂಡ. ಕಳ್ಳತನ ಅಲ್ಲಿ ಗೊತ್ತಿರೋ ತಲೆನೋವು. ಗಾಜು ಒಡೆಯದಿರಲಿ ಅಂತ ಜನ ಕಿಟಕಿ ಇಳಿಸಿಯೇ ಹೋಗ್ತಾರೆ. ಪಾಸ್‌ಪೋರ್ಟ್ ರೂಮಲ್ಲಿ. ಕೀಲಿ ಸಾದಾ ಲೋಹದ್ದಾದರೆ ಬಿಸಿಡಿಗೆ ಕ್ಲಿಪ್ ಮಾಡ್ಕೊಳ್ಳಿ, ಬಟನ್ ಇರೋದಾದರೆ ನೀರಿಗೆ ಒಯ್ಯೋ ಹಾಗಿಲ್ಲ, ಬಾಡಿಗೆ ತಗೊಳ್ಳುವಾಗಲೇ ಕೇಳಿ. ಥೌಸಂಡ್ ಸ್ಟೆಪ್ಸ್ ದಾಟಿ ಉತ್ತರಕ್ಕೆ ಹೋದರೆ ರಸ್ತೆ ಒನ್‌ವೇ, ವಾಪಸ್ ರಿಂಕನ್ ಊರಿನ ಮೇಲೆ ಸುತ್ತಿ ಬರಬೇಕು. ಸಿಲಿಂಡರ್‌ಗಳು ಹಿಂದೆ ಉರುಳಾಡದ ಹಾಗೆ ಕಟ್ಟಿ.

ಮಲ್ಪೆ_ಮಾಂಜಿ

ಮುಟ್ಟಬಾರದ್ದು: ಉದ್ದ ಮುಳ್ಳಿನ ಕಪ್ಪು ಸೀ ಅರ್ಚಿನ್, ಸಾಸಿವೆ ಬಣ್ಣದ ಬೆಂಕಿ ಹವಳ, ಕಲ್ಲಿನ ಹಾಗೇ ಕೂತಿರುವ ಚೇಳುಮೀನು, ಲಯನ್‌ಫಿಶ್. ಲಯನ್‌ಫಿಶ್ ಅಲ್ಲಿಯದ್ದಲ್ಲ, ನಮ್ಮ ಹಿಂದೂ ಮಹಾಸಾಗರ, ಪೆಸಿಫಿಕ್ ಕಡೆಯದ್ದು. ಬೊನೇರ್‌ನಲ್ಲಿ 2009ರಲ್ಲಿ ಕಾಣಿಸಿಕೊಂಡಿತು. ಚುಚ್ಚಿದರೆ ಚರ್ಮ ಸುಡದಷ್ಟು ಬಿಸಿ ನೀರಲ್ಲಿ, ಸುಮಾರು 45 ಡಿಗ್ರಿ, ಅರ್ಧದಿಂದ ಒಂದೂವರೆ ಗಂಟೆ ಇಡಿ. ನೋವಿದ್ದ ಕೈಗೆ ಬಿಸಿ ಗೊತ್ತಾಗುವುದಿಲ್ಲ, ಇನ್ನೊಂದು ಕೈಯಲ್ಲಿ ನೋಡಿ. ಬೆಂಕಿ ಹವಳ ತಾಗಿದರೆ ವಿನೆಗರ್, ಸಿಹಿನೀರು ಬೇಡ.

ಇನ್ನೊಂದು. 2023ರಿಂದ ಬೊನೇರ್‌ನ ಗಟ್ಟಿ ಹವಳಕ್ಕೆ ಅಂಗಾಂಶ ಕರಗಿಸುವ ರೋಗ ಬಂದಿದೆ. ಬಿಸಿಡಿ, ಬೂಟಿಯಲ್ಲಿ ನಿಂತ ನೀರಿನಿಂದಲೂ ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಬಹುದು. ಅಂಗಡಿಯಲ್ಲಿ ಸೋಂಕುನಿವಾರಕದ ತೊಟ್ಟಿ ಇಟ್ಟಿದ್ದರೆ ಮೊದಲು ಅದರಲ್ಲಿ ಅದ್ದಿ, ಆಮೇಲೆ ಸಿಹಿನೀರು. ಬಿಸಿಡಿಯ ಒಳಗಿನ ನೀರನ್ನೂ ಚೆಲ್ಲಿ.

ನೀಲಿಜೋಳಿಗೆ

ಪಟ್ಟಿ ಮಾಡ್ಕೊಂಡ್ವಿ. ಡಿಸೆಂಬರ್‌ನಲ್ಲಿ ನೇತ್ರಾಣಿಗೆ ಮತ್ತೆ ಹೋಗಿ ಗಾಳಿ ಲೆಕ್ಕ, ಭಾರ ಎರಡನ್ನೂ ಅಲ್ಲೇ ತೆಗೀತೀವಿ. ಕೊನೆಯ ಪ್ರಶ್ನೆ: ವಾಪಸ್ ವಿಮಾನ ಭಾನುವಾರ ಸಂಜೆ 4ಕ್ಕೆ. ಶನಿವಾರ ಎಷ್ಟು ಹೊತ್ತಿನವರೆಗೆ ಡೈವ್ ಮಾಡಬಹುದು?

ಕಿವಿಮೂಗು_ಡಾಕ್ಟರ್

ಹಲವು ದಿನ, ದಿನಕ್ಕೆ ಹಲವು ಡೈವ್ ಮಾಡಿದವರು ಹಾರುವ ಮೊದಲು ಕನಿಷ್ಠ 18 ಗಂಟೆ ಕಾಯಬೇಕು ಎಂಬುದು ಡೈವರ್‌ಗಳ ಸುರಕ್ಷತೆಯ ಡ್ಯಾನ್ ಸಂಸ್ಥೆಯ ಮಾರ್ಗಸೂಚಿ. ಒಂದೇ ಡೈವ್ ಆದರೆ 12. ಇವು ಕನಿಷ್ಠ ಮಿತಿಗಳು. ಎಂಟು ದಿನದ ನಂತರ 24 ಗಂಟೆ ಇಟ್ಟುಕೊಳ್ಳಿ. ಶನಿವಾರ ಸಂಜೆ ಕೀಲುನೋವು, ಜುಮುಜುಮು, ಅತಿಯಾದ ಸುಸ್ತು ಕಂಡರೆ "ಸಿಲಿಂಡರ್ ಎತ್ತಿದ್ದಕ್ಕೆ" ಎಂದು ಮಲಗಬೇಡಿ. ಮೈಯಲ್ಲಿ ಸಾರಜನಕ ಗುಳ್ಳೆ ಕಟ್ಟಿದ ಲಕ್ಷಣ ಅದಿರಬಹುದು. ಅಂಗಡಿಗೆ ತಿಳಿಸಿ, ಆಮ್ಲಜನಕ ತೆಗೆದುಕೊಳ್ಳಿ. ಅಲ್ಲಿನ ರಾಜಧಾನಿ ಕ್ರಾಲೆಂಡೈಕ್‌ನಲ್ಲಿ ರಿಕಂಪ್ರೆಷನ್ ಚೇಂಬರ್ (ಮತ್ತೆ ಒತ್ತಡ ಕೊಟ್ಟು ಚಿಕಿತ್ಸೆ ಮಾಡುವ ಕೋಣೆ) ಇದೆ. ಅದರ ಖರ್ಚು ಸಾಮಾನ್ಯ ಪ್ರವಾಸ ವಿಮೆಯಲ್ಲಿ ಬರುವುದು ಅಪರೂಪ, ಡೈವಿಂಗ್ ವಿಮೆ ಬೇರೆ ಮಾಡಿಸಿ.

ಸೂಟ್‌ಕೇಸ್_ಸುಮಾ

ಶನಿವಾರ ಬೆಳಿಗ್ಗೆ ಒಂದೇ ಡೈವ್, 11ರೊಳಗೆ ಹೊರಗೆ ಬನ್ನಿ. ಮಧ್ಯಾಹ್ನ ಎಲ್ಲ ತೊಳೆದು ಆ ಗಾಳಿಗೆ ನೆರಳಲ್ಲಿ ನೇತು ಹಾಕಿ. ವೆಟ್‌ಸೂಟನ್ನ ಭುಜದ ಮೇಲೆ ಅಲ್ಲ, ಸೊಂಟದಲ್ಲಿ ಮಡಿಚಿ ಹಾಕಿ. ಒದ್ದೆ ಸೂಟು, ಬೂಟಿ ಸೇರಿದರೆ 23 ಕೆಜಿ ಮಿತಿಯಲ್ಲಿ ಮೂರ್ನಾಲ್ಕು ಕೆಜಿ ಬರೀ ನೀರಿಗೇ ಹೋಗುತ್ತೆ.